ಕೋಣೆಯಲ್ಲಿ ಯಾರಿದ್ದಾರೆ?

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ‘ಕರೆಂಟೇನು ಬಿಟ್ಟಿ ಬರುತ್ತದೆಯೇ?’ ಎಂದು ಗೊಣಗುತ್ತಲೇ ಎದ್ದು ಹೋಗಿ ದೀಪ ಆರಿಸುತ್ತಾರೆ. ಆದರೆ ಆರಿಸುವ ಮುನ್ನ ಒಮ್ಮೆ ಒಳಗೆ ಇಣುಕಿ ನೋಡುತ್ತಾರೆ. ಮೂಲೆಯಲ್ಲಿ ಯಾರೋ ಪುಸ್ತಕ ಹಿಡಿದು ಕುಳಿತಿರಬಹುದು, ಕಿಟಕಿಯ ಬಳಿ ಅಜ್ಜಿ ಹೂ ಕಟ್ಟುತ್ತಿರಬಹುದು. ಕ್ಷಣಾರ್ಧದಲ್ಲಿ ಮುಗಿಯುವ ಈ ಇಣುಕುನೋಟವನ್ನು ಯಂತ್ರಕ್ಕೆ ಕಲಿಸಲು ಮನುಷ್ಯ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹೆಣಗಿದ್ದಾನೆ. ಪಾಠ ಇನ್ನೂ ಪೂರ್ತಿ ಮುಗಿದಿಲ್ಲ.

ಇಂದಿನ ಕಚೇರಿ, ಹೋಟೆಲು, ವಿಮಾನ ನಿಲ್ದಾಣಗಳ ಸೂರಿನಲ್ಲಿ ಬಿಳಿಯ ಗುಬ್ಬಿಯಂತೆ ಅಂಟಿಕೊಂಡಿರುವ ಪುಟ್ಟ ಸಾಧನವನ್ನು ಬಹಳ ಮಂದಿ ನೋಡಿರುತ್ತಾರೆ. ಒಳಗೆ ಕಾಲಿಟ್ಟರೆ ದೀಪ ಹೊತ್ತುತ್ತದೆ, ಎಲ್ಲರೂ ಹೊರನಡೆದ ಸ್ವಲ್ಪ ಹೊತ್ತಿಗೆ ಆರುತ್ತದೆ. ಇದೇ ‘ಸೆನ್ಸರ್’ ಅಥವಾ ಸಂವೇದಕ. ಇದರ ಬಗ್ಗೆ ದೂರುಗಳೂ ಕಡಿಮೆಯಿಲ್ಲ. ಗಂಭೀರವಾದ ಸಭೆಯೊಂದು ನಡೆಯುತ್ತಿರುವಾಗ ದೀಪ ಪಕ್ಕನೆ ಆರಿಹೋಗುತ್ತದೆ; ಹಿರಿಯ ಅಧಿಕಾರಿಗಳು ಕೈ ಬೀಸಿ ತಾವಿನ್ನೂ ಇಲ್ಲೇ ಇದ್ದೇವೆಂದು ಯಂತ್ರಕ್ಕೆ ತಿಳಿಸಬೇಕಾಗುತ್ತದೆ. ಇನ್ನೊಂದೆಡೆ ಖಾಲಿ ಕೋಣೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ಎರಡಕ್ಕೂ ಜನ ಯಂತ್ರವನ್ನೇ ಬಯ್ಯುತ್ತಾರೆ. ಆದರೆ ತಪ್ಪು ಎಷ್ಟೋ ಸಲ ಯಂತ್ರದ್ದಲ್ಲ, ಅದನ್ನು ಕೂರಿಸಿದ ಜಾಗದ್ದು. ಅದು ಏಕೆ ಹಾಗೆ ಎಂಬುದು ಈ ಸಾಧನದ ಇತಿಹಾಸವನ್ನು ನೋಡಿದರೆ ತಿಳಿಯುತ್ತದೆ.

ಬಾಗಿಲು ಕಾಯುವ ವಿದ್ಯೆ

ಕೋಣೆಗೆ ಬಂದವರನ್ನು ತಿಳಿಯುವ ಮೊದಲ ಉಪಾಯ ಸಹಜವಾಗಿಯೇ ದಾರಿಯನ್ನು ಕಾಯುವುದಾಗಿತ್ತು. ಜಪಾನಿನ ಕ್ಯೋಟೋ ನಗರದಲ್ಲಿ 1603ರಲ್ಲಿ ಕಟ್ಟಲಾದ ನಿಜೋ ಕೋಟೆಯ ಅರಮನೆಯಲ್ಲಿ ಮರದ ಹಲಗೆಗಳ ಓಣಿಗಳಿವೆ. ಅವುಗಳ ಮೇಲೆ ಎಷ್ಟೇ ಮೆಲ್ಲಗೆ ಹೆಜ್ಜೆಯಿಟ್ಟರೂ ಹಕ್ಕಿ ಚಿಲಿಪಿಲಿಗುಟ್ಟಿದಂತೆ ಸದ್ದಾಗುತ್ತದೆ. ಹಲಗೆಯಡಿಯ ಕಬ್ಬಿಣದ ಪಟ್ಟಿಗಳು ಮೊಳೆಗಳಿಗೆ ಉಜ್ಜುವುದರಿಂದ ಬರುವ ಸದ್ದು ಇದು. ಕಳ್ಳಹೆಜ್ಜೆಯ ವೈರಿಗಳನ್ನು ಹಿಡಿಯಲೆಂದೇ ಹೀಗೆ ಮಾಡಿದ್ದರು ಎಂಬ ಮಾತು ಜನಜನಿತವಾಗಿದೆ. ಮರ, ಮೊಳೆಗಳು ಸವೆದು ತಾನಾಗಿ ಬಂದ ಸದ್ದಷ್ಟೇ ಎನ್ನುವವರೂ ಇದ್ದಾರೆ. ಹೇಗಾದರೂ ಇರಲಿ, ಹೆಜ್ಜೆ ಬೀಳುವಲ್ಲಿ ಕಿವಿಯಿಡಬೇಕು ಎಂಬ ತತ್ವವಂತೂ ಅದರಲ್ಲಿದೆ.

ಅಮೆರಿಕದ ಬಾಸ್ಟನ್ ಬಳಿಯ ಸೋಮರ್‌ವಿಲ್‌ನಲ್ಲಿದ್ದ ಅಗಸ್ಟಸ್ ಪೋಪ್ 1853ರಲ್ಲಿ ಇದೇ ತತ್ವಕ್ಕೆ ವಿದ್ಯುತ್ತನ್ನು ಜೋಡಿಸಿದ. ಬಾಗಿಲು ಅಥವಾ ಕಿಟಕಿ ತೆರೆದರೆ ತಂತಿಯ ಮಂಡಲ ಕೂಡಿಕೊಂಡು ಗಂಟೆ ಬಾರಿಸುವ ವ್ಯವಸ್ಥೆಗೆ ಆತ ಪೇಟೆಂಟ್ ಪಡೆದ. ಅದರ ಹಕ್ಕನ್ನು 1857ರಲ್ಲಿ ಕೊಂಡ ಎಡ್ವಿನ್ ಹೋಮ್ಸ್ ಕಳ್ಳಗಂಟೆಯನ್ನು ದೊಡ್ಡ ವ್ಯಾಪಾರವನ್ನಾಗಿ ಬೆಳೆಸಿದ.

ಆದರೆ ಬಾಗಿಲ ಗಂಟೆಗೆ ಗೊತ್ತಾಗುವುದು ಒಂದೇ ಸಂಗತಿ: ಬಾಗಿಲು ತೆರೆಯಿತು. ತೆರೆದವನು ಒಳಗೆ ಬಂದನೋ ಹೊರಗೆ ಹೋದನೋ, ಬಂದವನು ಒಬ್ಬನೋ ಇಬ್ಬರೋ, ಈಗಲೂ ಇದ್ದಾನೋ ಇಲ್ಲವೋ, ಇವು ಯಾವುವೂ ಅದಕ್ಕೆ ತಿಳಿಯದು. ಹಾದುಹೋಗುವುದು ಬೇರೆ, ಇರುವುದು ಬೇರೆ. ಇರುವಿಕೆಯನ್ನು ತಿಳಿಯಬೇಕಾದರೆ ಬಾಗಿಲನ್ನು ಬಿಟ್ಟು ಕೋಣೆಯೊಳಕ್ಕೆ ಕಣ್ಣು ಹಾಯಿಸಬೇಕಿತ್ತು. ಕತ್ತಲಲ್ಲೂ ಕಾಣುವ ಅಂಥ ಕಣ್ಣಿನ ಕತೆ ಖಗೋಳ ವಿಜ್ಞಾನಿಯೊಬ್ಬನ ಮನೆಯಲ್ಲಿ ಶುರುವಾಗುತ್ತದೆ.

ಕೆಂಪಿನಾಚೆಯ ಬೆಳಕು

ಯುರೇನಸ್ ಗ್ರಹವನ್ನು ಪತ್ತೆ ಹಚ್ಚಿದ್ದ ವಿಲಿಯಂ ಹರ್ಷೆಲ್ 1800ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸರಳ ಪ್ರಯೋಗ ಮಾಡಿದ. ಗಾಜಿನ ಪ್ರಿಸಂ ಮೂಲಕ ಸೂರ್ಯನ ಬೆಳಕನ್ನು ಹಾಯಿಸಿ, ಮೇಜಿನ ಮೇಲೆ ಬಿದ್ದ ಬಣ್ಣಗಳಲ್ಲಿ ಉಷ್ಣತಾಮಾಪಕಗಳನ್ನಿಟ್ಟ. ನೇರಳೆಯಿಂದ ಕೆಂಪಿನ ಕಡೆಗೆ ಸರಿದಂತೆ ಬಿಸಿ ಏರುತ್ತಿತ್ತು. ಕೆಂಪಿನ ಅಂಚನ್ನೂ ದಾಟಿಸಿ, ಕಣ್ಣಿಗೆ ಬೆಳಕೇ ಕಾಣದ ಜಾಗದಲ್ಲಿ ಉಷ್ಣತಾಮಾಪಕವನ್ನು ಇಟ್ಟಾಗ ಪಾದರಸ ಇನ್ನೂ ಮೇಲೇರಿತು. ಹೀಗೆ ಇನ್‌ಫ್ರಾರೆಡ್ ಅಥವಾ ಅವಕೆಂಪು ಕಿರಣಗಳು ಬೆಳಕಿಗೆ ಬಂದವು. ಮಾಪಕವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯೇ ಈ ಶೋಧದ ಜೀವಾಳವಾಗಿತ್ತು.

ಬಿಸಿಯಿರುವ ಎಲ್ಲ ವಸ್ತುಗಳೂ ಈ ಕಿರಣಗಳನ್ನು ಸೂಸುತ್ತವೆ. ಮನುಷ್ಯನ ಮೈಯೂ ಅದಕ್ಕೆ ಹೊರತಲ್ಲ. ಇಟಲಿಯ ಮಾಸೆಡೋನಿಯೋ ಮೆಲ್ಲೋನಿ 1830ರ ದಶಕದಲ್ಲಿ ಬಳಸಿದ ಥರ್ಮೋಪೈಲ್ ಎಂಬ ಸಾಧನ ಹಲವು ಮಾರು ದೂರದಲ್ಲಿ ನಿಂತ ವ್ಯಕ್ತಿಯ ಮೈಬಿಸಿಯನ್ನೂ ಗುರುತಿಸಬಲ್ಲದಾಗಿತ್ತು. ಮೆಲ್ಲೋನಿ ಇನ್ನೂ ಒಂದು ಮುಖ್ಯ ವಿಷಯವನ್ನು ಕಂಡುಕೊಂಡ. ಕಣ್ಣಿಗೆ ಪಾರದರ್ಶಕವಾದ ಗಾಜು ಇಂಥ ಶಾಖಕಿರಣಗಳ ಪಾಲಿಗೆ ಗೋಡೆಯಿದ್ದಂತೆ. ಕಲ್ಲುಪ್ಪಿನ ಹರಳಾದರೋ ಅವುಗಳನ್ನು ಸರಾಗವಾಗಿ ಹಾಯಗೊಡುತ್ತದೆ. ಗಾಜಿನ ತಡಿಕೆಯ ಹಿಂದೆ ಕುಳಿತ ಗುಮಾಸ್ತನನ್ನು ಇಂದಿನ ಸಂವೇದಕ ಏಕೆ ಕಾಣದು ಎಂಬ ಪ್ರಶ್ನೆಗೆ ಉತ್ತರ ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಸಿಕ್ಕಿತ್ತು.

ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ 1880ರ ಹೊತ್ತಿಗೆ ರೂಪಿಸಿದ ಬೋಲೋಮೀಟರ್ ಇನ್ನೂ ಸೂಕ್ಷ್ಮವಾಗಿತ್ತು. ಸುಧಾರಿಸಿದ ಬೋಲೋಮೀಟರು ಕಾಲು ಮೈಲಿ ದೂರದ ಹಸುವಿನ ಮೈಬಿಸಿಯನ್ನೂ ಹಿಡಿಯುತ್ತಿತ್ತು ಎಂದು ಹೇಳಲಾಗುತ್ತದೆ. ಆದರೆ ಅದು ಪ್ರಯೋಗಶಾಲೆಯ ನಾಜೂಕು ಉಪಕರಣ. ಅಗ್ಗದ ಬೆಲೆಗೆ ಪ್ರತಿ ಕೋಣೆಯ ಸೂರಿಗೂ ಹಾಕಬಲ್ಲ ಕಣ್ಣು ಸಿಕ್ಕಿದ್ದು ಬೇರೊಂದು ದಾರಿಯಿಂದ. ಆ ದಾರಿ ಸಿಂಹಳದ್ದು.

ಬೂದಿ ಸೆಳೆಯುವ ಕಲ್ಲು

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ ವರ್ತಕರು ಸಿಂಹಳದಿಂದ ಆಮ್‌ಸ್ಟರ್‌ಡ್ಯಾಮಿಗೆ ಬಣ್ಣದ ಹರಳುಗಳನ್ನು ಒಯ್ದರು. ಸಿಂಹಳೀಯರು ‘ತೋರಮಲ್ಲಿ’ ಎಂದು ಕರೆಯುತ್ತಿದ್ದ ಈ ಹರಳೇ ಯುರೋಪಿನಲ್ಲಿ ಟೂರ್ಮಲಿನ್ ಆಯಿತು. ಅದನ್ನು ಕೆಂಡದ ಬಳಿ ಇಟ್ಟರೆ ಒಂದು ಸೋಜಿಗ ನಡೆಯುತ್ತಿತ್ತು. ಹರಳು ಕಾಯುತ್ತಿದ್ದಂತೆ ಬೂದಿಯ ಕಣಗಳು ಹಾರಿ ಬಂದು ಅದಕ್ಕೆ ಅಂಟಿಕೊಳ್ಳುತ್ತಿದ್ದವು. ಡಚ್ಚರು ಇದಕ್ಕೆ ‘ಬೂದಿ ಸೆಳೆಯುವ ಕಲ್ಲು’ ಎಂದೇ ಹೆಸರಿಟ್ಟರು. ಇದು ವಿದ್ಯುತ್ತಿನ ಆಟ ಎಂದು 1756ರಲ್ಲಿ ಈಪಿನಸ್ ಎಂಬ ಜರ್ಮನ್ ವಿಜ್ಞಾನಿ ತೋರಿಸಿದ. ಡೇವಿಡ್ ಬ್ರೂಸ್ಟರ್ 1824ರಲ್ಲಿ ಈ ಗುಣಕ್ಕೆ ಪೈರೋ-ಎಲೆಕ್ಟ್ರಿಸಿಟಿ, ಅಂದರೆ ಬೆಂಕಿಯ ವಿದ್ಯುತ್ತು ಎಂಬ ಹೆಸರು ಕೊಟ್ಟ.

ಇವರ ನಡುವೆ ಇಂಗ್ಲೆಂಡಿನ ಜಾನ್ ಕ್ಯಾಂಟನ್ 1759ರಲ್ಲಿ ಗಮನಿಸಿದ ಸಂಗತಿ ಎಲ್ಲಕ್ಕಿಂತ ಮುಖ್ಯವಾದದ್ದು. ಹರಳು ಕಾಯುವಾಗ ಅದರ ತುದಿಗಳಲ್ಲಿ ಒಂದು ಬಗೆಯ ವಿದ್ಯುದಂಶ, ಆರುವಾಗ ಅದಕ್ಕೆ ವಿರುದ್ಧವಾದದ್ದು. ಬಿಸಿ ಒಂದೇ ಸಮನಾಗಿ ನಿಂತಿದ್ದರೆ ಹೊಸ ವಿದ್ಯುತ್ತು ಹುಟ್ಟುವುದೇ ಇಲ್ಲ. ಅಂದರೆ ಈ ಹರಳಿಗೆ ಬಿಸಿಯ ಅರಿವಿಲ್ಲ. ಬಿಸಿ ಬದಲಾಗುವುದರ ಅರಿವು ಮಾತ್ರ ಇದೆ.

ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಅವಕೆಂಪು ಸಂವೇದಕದ ಒಳಗಿರುವುದು ಇದೇ ಗುಣದ ಕೃತಕ ವಸ್ತು. ಅದರಲ್ಲಿ ಎರಡು ಪುಟ್ಟ ಬಿಲ್ಲೆಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಕೋಣೆ ಒಟ್ಟಾರೆ ಬಿಸಿಯಾದರೆ ಎರಡೂ ಸಮನಾಗಿ ಕಾದು ಲೆಕ್ಕ ಚುಕ್ತಾ ಆಗುತ್ತದೆ. ಬಿಸಿ ಮೈಯೊಂದು ಅಡ್ಡ ಹಾಯ್ದರೆ ಮೊದಲು ಒಂದು ಬಿಲ್ಲೆಗೆ, ಬಳಿಕ ಇನ್ನೊಂದಕ್ಕೆ ಅದರ ಶಾಖ ತಾಗುತ್ತದೆ. ಆಗ ಹುಟ್ಟುವ ಏರಿಳಿತವೇ ‘ಯಾರೋ ಬಂದರು’ ಎಂಬ ಸುದ್ದಿ. ಬಿಲ್ಲೆಗಳ ಮುಂದೆ ಕಾಣುವ ಬಿಳಿಯ ಚಿಪ್ಪು ಬರಿಯ ಮುಚ್ಚಳವಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ದೀಪಸ್ತಂಭಗಳಿಗಾಗಿ ರೂಪಿಸಿದ ಮೆಟ್ಟಿಲು ಮೆಟ್ಟಿಲಿನ ಮಸೂರದ ವಂಶದ್ದು ಅದು. ಸಮುದ್ರದ ಮೇಲೆ ಬೆಳಕನ್ನು ಚೆಲ್ಲಲು ಹುಟ್ಟಿದ ಮಸೂರ ಇಲ್ಲಿ ಕೋಣೆಯ ಶಾಖವನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಗಾಜು ಶಾಖಕಿರಣಗಳನ್ನು ತಡೆಯುವುದರಿಂದ ಇದನ್ನು ಪಾಲಿಥಿನ್‌ನಲ್ಲಿ ಅಚ್ಚು ಹಾಕುತ್ತಾರೆ. ಅದು ಕೋಣೆಯನ್ನು ಬೀಸಣಿಗೆಯ ಎಸಳುಗಳಂತೆ ಭಾಗ ಮಾಡಿ ನೋಡುತ್ತದೆ. ವ್ಯಕ್ತಿ ಎಸಳಿನಿಂದ ಎಸಳಿಗೆ ದಾಟಿದಾಗ ಮಾತ್ರ ಸುದ್ದಿ ಮುಟ್ಟುತ್ತದೆ.

ಕಳ್ಳನಿಂದ ಕರೆಂಟಿಗೆ

ಇದಕ್ಕಿಂತ ಭಿನ್ನವಾದ ಇನ್ನೊಂದು ಬಗೆ ಬಾವಲಿಯದು. ಕಿವಿಗೆ ಕೇಳದಷ್ಟು ಕೀಚಲಾದ ಶ್ರವಣಾತೀತ ಧ್ವನಿಯನ್ನು ಕೋಣೆಯಲ್ಲಿ ತುಂಬಿ, ಮರಳಿದ ಪ್ರತಿಧ್ವನಿಯನ್ನು ಆಲಿಸುವುದು. ಧ್ವನಿ ತಾಗಿದ ವಸ್ತು ಚಲಿಸುತ್ತಿದ್ದರೆ ಪ್ರತಿಧ್ವನಿಯ ಶ್ರುತಿ ಬದಲಾಗುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳು ಏರಿ, ದೂರ ಸರಿಯುವಾಗ ಇಳಿಯುವಂತೆ. ಈ ಪರಿಣಾಮವನ್ನು ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲೇ ವಿವರಿಸಿದ್ದ. ಅದನ್ನು ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಹಚ್ಚಿದವರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬ್ಯಾಗ್ನೋ ಪ್ರಮುಖ. 1950ರ ದಶಕದ ಆರಂಭದಲ್ಲಿ ಆತನ ಸಾಧನಕ್ಕೆ ಪೇಟೆಂಟ್ ದೊರೆಯಿತು.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ತಡೆಯೊಡ್ಡಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಹಗಲಿರುಳೂ ದೀಪ ಉರಿಸುತ್ತಿದ್ದ ಪಶ್ಚಿಮದ ಕಚೇರಿಗಳು ಒಮ್ಮೆಗೇ ಮಿತವ್ಯಯದ ಮಾತಾಡತೊಡಗಿದವು. ಕಳ್ಳನನ್ನು ಕಾಯುತ್ತಿದ್ದ ಯಂತ್ರಕ್ಕೆ ಆಗ ದೀಪ ಕಾಯುವ ಹೊಸ ನೌಕರಿ ಸಿಕ್ಕಿತು.

ಯಂತ್ರ ಹಳೆಯದೇ ಆದರೂ ಕೆಲಸ ತಲೆಕೆಳಗಾಗಿತ್ತು. ಕಳ್ಳಗಂಟೆ ಖಚಿತಪಡಿಸಿಕೊಳ್ಳಬೇಕಾದ್ದು ‘ಯಾರೋ ಇದ್ದಾರೆ’ ಎಂಬುದನ್ನು. ದೀಪ ಕಾಯುವ ಯಂತ್ರ ಖಚಿತಪಡಿಸಿಕೊಳ್ಳಬೇಕಾದ್ದು ‘ಯಾರೂ ಇಲ್ಲ’ ಎಂಬುದನ್ನು. ಕಳ್ಳ ನಡೆಯಲೇಬೇಕು, ಬಾಗಿಲಿನಿಂದ ತಿಜೋರಿಗೆ ಹೋಗುವ ದಾರಿಗೆ ಅಡ್ಡಲಾಗಿ ಕಣ್ಣಿಟ್ಟರೆ ಸಾಕು. ಆದರೆ ಕಚೇರಿಯಲ್ಲಿ ಕುಳಿತು ಕಡತ ಓದುವವನು ಗಂಟೆಗಟ್ಟಲೆ ಕದಲದಿರಬಹುದು. ಅವಕೆಂಪು ಸಂವೇದಕದ ಮುಂದೆ ಕದಲದ ಮನುಷ್ಯನೂ ಕುರ್ಚಿಯೂ ಒಂದೇ. ಕಳ್ಳನನ್ನು ಹಿಡಿಯುವ ಜಾಗದಲ್ಲೇ ಸಂವೇದಕವನ್ನು ಕೂರಿಸಿ, ಓದುಗನನ್ನು ಕಾಣು ಎಂದು ಅದಕ್ಕೆ ಹೇಳಿದ್ದೇ ಅನೇಕ ಎಡವಟ್ಟುಗಳ ಮೂಲ.

ಎಲ್ಲಿ ಕೂರಿಸಬೇಕು?

ಈ ಹಿನ್ನೆಲೆ ತಿಳಿದರೆ ಸ್ಥಳದ ಆಯ್ಕೆಯ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಅವಕೆಂಪು ಸಂವೇದಕ ತನಗೆ ಅಡ್ಡಲಾಗಿ ಹಾಯುವವರನ್ನು ಚೆನ್ನಾಗಿ ಗುರುತಿಸುತ್ತದೆ. ನೇರ ತನ್ನೆಡೆಗೆ ಬರುವವರು ಒಂದೇ ಎಸಳಿನೊಳಗೆ ಉಳಿಯುವುದರಿಂದ ತಡವಾಗಿ ಕಾಣುತ್ತಾರೆ. ಆದ್ದರಿಂದ ಅದನ್ನು ಬಾಗಿಲಿಗೆ ಎದುರಾಗಿ ಇಡುವುದಕ್ಕಿಂತ, ಒಳಬರುವವರು ಅದರ ನೋಟವನ್ನು ಅಡ್ಡ ಕತ್ತರಿಸುವಂತೆ ಪಕ್ಕದ ಗೋಡೆಯಲ್ಲೋ ಮೂಲೆಯಲ್ಲೋ ಇಡುವುದು ಲೇಸು. ಎದುರಿಗಿಟ್ಟರೆ ಇನ್ನೊಂದು ತೊಂದರೆಯೂ ಉಂಟು: ತೆರೆದ ಬಾಗಿಲಿನ ಮೂಲಕ ಓಣಿಯಲ್ಲಿ ಹಾದುಹೋಗುವವರೆಲ್ಲ ಕೋಣೆಯ ಲೆಕ್ಕಕ್ಕೆ ಸೇರಿ ದೀಪ ಆರುವುದೇ ಇಲ್ಲ. ಇದಕ್ಕೆ ಮಸೂರದ ಆ ಭಾಗವನ್ನು ಪಟ್ಟಿಯಿಂದ ಮರೆಮಾಡುವ ಉಪಾಯವಿದೆ. ಶ್ರವಣಾತೀತ ಸಂವೇದಕದ ಸ್ವಭಾವ ಇದಕ್ಕೆ ವಿರುದ್ಧ. ತನ್ನತ್ತ ಬರುವುದು, ತನ್ನಿಂದ ದೂರ ಸರಿಯುವುದು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ.

ಎರಡನೆಯದು ದೂರ ಮತ್ತು ಎತ್ತರ. ದೂರ ಹೋದಂತೆ ನೋಟದ ಎಸಳುಗಳು ಅಗಲವಾಗುತ್ತವೆ. ಹತ್ತಾರು ಅಡಿ ಆಚೆ ನಡೆದಾಡುವವರನ್ನು ಹಿಡಿಯುವ ಸಂವೇದಕ, ಅಷ್ಟೇ ದೂರದಲ್ಲಿ ಪುಟ ತಿರುವುವ ಕೈಯನ್ನು ಹಿಡಿಯಲಾರದು. ಹಾಗಾಗಿ ಜನ ನಡೆಯುವ ಓಣಿಗೆ ಒಂದೇ ಕಣ್ಣು ಸಾಲಬಹುದು. ಜನ ಕೂರುವ ಕೋಣೆಯಲ್ಲಿ ಅದು ಮೇಜಿಗೆ ಹತ್ತಿರವಾಗಿ, ಆದಷ್ಟು ನೆತ್ತಿಯ ಮೇಲೆ ಇರಬೇಕು. ಬಾಗಿಲ ಪಕ್ಕದ ಸ್ವಿಚ್‌ಬೋರ್ಡಿನಲ್ಲೇ ಸಂವೇದಕ ಕೂರಿಸುವುದು ಸುಲಭ, ಅಗ್ಗ. ಆದರೆ ಒಳಕ್ಕೆ ತೆರೆಯುವ ಬಾಗಿಲು ಅದನ್ನು ಮುಚ್ಚುತ್ತದೆ, ಬೀರು ಅಡ್ಡ ಬರುತ್ತದೆ, ದೂರದ ಮೂಲೆಯ ಮೇಜು ಅದರ ಪಾಲಿಗೆ ಇಲ್ಲವೇ ಇಲ್ಲ.

ಮೂರನೆಯದು ಹುಸಿ ಸುದ್ದಿಗಳು. ಹವಾನಿಯಂತ್ರಕದ ಗಾಳಿ ನೇರವಾಗಿ ಬಡಿದರೆ, ಬಿಸಿಲು ಮುಖಕ್ಕೇ ಬಿದ್ದರೆ ಸಂವೇದಕ ಮೋಸಹೋಗುತ್ತದೆ. ಹಳೆಯ ಕಾವಿನ ಬಲ್ಬಿನ ಪಕ್ಕದಲ್ಲಿಟ್ಟರಂತೂ ತಮಾಷೆಯೇ ನಡೆಯುತ್ತದೆ: ದೀಪ ಆರಿ ಬಲ್ಬು ತಣ್ಣಗಾಗುವ ಬದಲಾವಣೆಯನ್ನೇ ಯಾರೋ ಬಂದರೆಂದು ತಿಳಿದು ಅದು ಮತ್ತೆ ದೀಪ ಹೊತ್ತಿಸುತ್ತದೆ. ಅಡ್ಡಗೋಡೆಗಳಿರುವ ಶೌಚಾಲಯದಲ್ಲಿ ಅವಕೆಂಪು ಕಣ್ಣಿಗೆ ಏನೂ ಕಾಣದು. ಅಲ್ಲಿ ಮೂಲೆಮೂಲೆಗೂ ಪುಟಿದು ಹೋಗುವ ಶ್ರವಣಾತೀತ ಧ್ವನಿ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟ ಸಾಧನಗಳೂ ಇವೆ. ದೀಪ ಹೊತ್ತಿಸಲು ಎರಡೂ ಒಪ್ಪಬೇಕು, ಉರಿಯುತ್ತಿರಲು ಒಂದು ಒಪ್ಪಿದರೂ ಸಾಕು ಎಂಬುದು ಅವುಗಳ ಸಾಮಾನ್ಯ ನ್ಯಾಯ.

ಇಷ್ಟೆಲ್ಲ ಆದರೂ ಸಂಶಯ ಉಳಿಯುವುದರಿಂದಲೇ ಕೊನೆಯ ಚಲನೆ ಕಂಡ ಬಳಿಕ 10-20 ನಿಮಿಷ ಕಾಯುವ ಏರ್ಪಾಡು ಬಂದಿದೆ. ಕೆಟ್ಟ ಜಾಗದಲ್ಲಿ ಕೂರಿಸಿದ ತಪ್ಪನ್ನು ಈ ಕಾಯುವಿಕೆ ಸ್ವಲ್ಪ ಮುಚ್ಚಿಡುತ್ತದೆ. ಆದರೆ ಕಾಯುವ ಪ್ರತಿ ನಿಮಿಷವೂ ಉಳಿಸಹೊರಟ ವಿದ್ಯುತ್ತಿಗೇ ಕತ್ತರಿ.

ನಮ್ಮ ಸೂರು, ನಮ್ಮ ಸೆಕೆ

ಭಾರತದಲ್ಲಿ ಇಂಧನ ದಕ್ಷತಾ ಬ್ಯೂರೊ 2007ರಲ್ಲಿ ಹೊರತಂದ ಕಟ್ಟಡ ಸಂಹಿತೆ ಈ ಸಾಧನಕ್ಕೆ ಅಧಿಕೃತ ಸ್ಥಾನ ಕೊಟ್ಟಿತು. 500 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಲ್ಲಿ 30 ಚದರ ಮೀಟರಿಗಿಂತ ಚಿಕ್ಕದಾದ, ಗೋಡೆಯಿಂದ ಸುತ್ತುವರಿದ ಕಚೇರಿ ಕೋಣೆಗಳಿಗೆ, ಸಭಾ ಕೊಠಡಿಗಳಿಗೆ, ಶಾಲಾ ತರಗತಿಗಳಿಗೆ, ದಾಸ್ತಾನು ಕೋಣೆಗಳಿಗೆ ಸಂವೇದಕ ಇರಬೇಕೆಂದು ಅದು ಹೇಳಿತು. ಸಂಹಿತೆ 2017ರಲ್ಲಿ ಪರಿಷ್ಕೃತವಾಯಿತು.

ಆದರೆ ಸಂವೇದಕ ಹುಟ್ಟಿ ಬೆಳೆದದ್ದು ತಂಪು ದೇಶಗಳ ಮುಚ್ಚಿದ ಕೋಣೆಗಳಲ್ಲಿ. ನಮ್ಮ ಕೋಣೆಗಳ ನಟ್ಟನಡುವೆ ಸೂರಿನ ಫ್ಯಾನು ತಿರುಗುತ್ತಿರುತ್ತದೆ. ಸಂವೇದಕಕ್ಕೂ ಅದೇ ಜಾಗ ಬೇಕು. ಫ್ಯಾನಿನ ರೆಕ್ಕೆಗಳು ಶ್ರವಣಾತೀತ ಧ್ವನಿಗೆ ಎಂದೂ ಸುಮ್ಮನಿರದ ಅತಿಥಿಯಿದ್ದಂತೆ. ಅವಕೆಂಪು ಸಂವೇದಕವನ್ನು ರೆಕ್ಕೆಗಳ ಮೇಲ್ಭಾಗದಲ್ಲಿಟ್ಟರೆ ಅವು ಅದರ ನೋಟವನ್ನು ಸದಾ ಕತ್ತರಿಸುತ್ತಿರುತ್ತವೆ. ಫ್ಯಾನಿರುವ ಕಡೆ ಗೋಡೆಯ ಮೇಲ್ಮೂಲೆಯೇ ಹೆಚ್ಚು ಸುರಕ್ಷಿತ.

ಸೆಕೆ ಇದಕ್ಕಿಂತ ಸೂಕ್ಷ್ಮವಾದ ತೊಡಕು. ಮನುಷ್ಯನ ಚರ್ಮದ ಬಿಸಿ ಸುಮಾರು 33-34 ಡಿಗ್ರಿ ಸೆಲ್ಸಿಯಸ್. ಕೋಣೆ 25 ಡಿಗ್ರಿ ಇದ್ದರೆ ಮೈ ಎದ್ದು ಕಾಣುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರ್ಗಿಗಳಲ್ಲಿ ಹೊರಗಿನ ಬಿಸಿ 40 ಡಿಗ್ರಿ ಮುಟ್ಟುವಾಗ, ಹವಾನಿಯಂತ್ರಕವಿಲ್ಲದ ಕೋಣೆಯ ಗೋಡೆ, ಕುರ್ಚಿಗಳೆಲ್ಲ ಮೈಯಷ್ಟೇ ಬಿಸಿಯಾಗುತ್ತವೆ. ಆಗ ಸಂವೇದಕದ ದೃಷ್ಟಿಯಲ್ಲಿ ಮನುಷ್ಯ ಗೋಡೆಯಲ್ಲಿ ಕರಗಿಹೋಗುತ್ತಾನೆ. ಇಂಥ ಊರುಗಳಲ್ಲಿ ತಯಾರಕರು ಹೇಳುವ ದೂರವನ್ನೇ ನಂಬದೆ, ಸಂವೇದಕಗಳನ್ನು ಹತ್ತಿರ ಹತ್ತಿರ ಇಡಬೇಕಾಗುತ್ತದೆ.

ಎಣಿಕೆಗೆ ಸಿಗದವರು

ಜಾಗದ ಪ್ರಶ್ನೆ ತಂತ್ರಜ್ಞರದಷ್ಟೇ ಅಲ್ಲ. 2016ರ ಜನವರಿಯಲ್ಲಿ ಲಂಡನ್ನಿನ ದಿನಪತ್ರಿಕೆಯೊಂದರ ಪತ್ರಕರ್ತರು ಕೆಲಸಕ್ಕೆ ಬಂದಾಗ ತಮ್ಮ ಮೇಜುಗಳ ಅಡಿಯಲ್ಲಿ ಪುಟ್ಟ ಡಬ್ಬಿಗಳಿರುವುದನ್ನು ಕಂಡರು. ಶಾಖ, ಚಲನೆಗಳಿಂದ ಮೇಜಿನಲ್ಲಿ ಜನರಿದ್ದಾರೆಯೇ ಎಂದು ತಿಳಿಯುವ ಸಂವೇದಕಗಳು ಅವು. ಕಟ್ಟಡದ ಬಳಕೆ ಅರಿಯಲೆಂದು ಆಡಳಿತ ಹೇಳಿದರೂ ಪ್ರತಿಭಟನೆ ಎದ್ದು ಅಂದೇ ಅವನ್ನು ತೆಗೆಯಬೇಕಾಯಿತು. ಅದೇ ಸಾಧನ ಸೂರಿನಲ್ಲಿದ್ದರೆ ಕೋಣೆಯನ್ನು ಎಣಿಸುತ್ತದೆ, ಮೇಜಿನಡಿಯಲ್ಲಿದ್ದರೆ ವ್ಯಕ್ತಿಯನ್ನು ಎಣಿಸುತ್ತದೆ. ನಿಖರತೆ ಹೆಚ್ಚಿದಂತೆ ಅದು ಕಣ್ಗಾವಲಿನತ್ತ ಸರಿಯುವುದು ಹೀಗೆ.

ಉಸಿರಾಟದಲ್ಲಿ ಎದೆ ಏರಿಳಿಯುವುದನ್ನೂ ಹಿಡಿಯುವ ರೇಡಾರ್ ಸಂವೇದಕಗಳು ಈಗ ಮಾರುಕಟ್ಟೆಗೆ ಬಂದಿವೆ. ಅಲುಗಾಡದೆ ಕುಳಿತವರನ್ನು ಅವು ಮರೆಯುವುದಿಲ್ಲ. ಆದರೆ ಅವುಗಳ ತರಂಗಗಳು ತೆಳುವಾದ ಹಲಗೆಯ ತಡಿಕೆಯನ್ನು ದಾಟಿ ಪಕ್ಕದ ಕೋಣೆಯವರನ್ನೂ ಇಲ್ಲಿಯವರೆಂದು ಎಣಿಸಬಲ್ಲವು. ತಿರುಗುವ ಫ್ಯಾನಿಗೂ ಅವು ಬೆದರುತ್ತವೆ. ಸಾಧನ ಎಷ್ಟು ಹೊಸದಾದರೂ ಎಲ್ಲಿಡಬೇಕೆಂಬ ಪ್ರಶ್ನೆ ಹಳೆಯದೇ.

ಸಂವೇದಕ ಕೂರಿಸುವ ನುರಿತ ಕೆಲಸಗಾರರು ಕೊನೆಗೆ ಕೋಣೆಯಲ್ಲಿ ಅತ್ತಿತ್ತ ನಡೆದು, ಅದರ ಕೆಂಪು ಚುಕ್ಕೆ ಮಿನುಗುತ್ತದೆಯೇ ಎಂದು ನೋಡುತ್ತಾರೆ. ನಡೆದು ನೋಡಿದರೆ ಕಳ್ಳನ ಪರೀಕ್ಷೆ ಮುಗಿಯುತ್ತದೆ, ಓದುಗನದಲ್ಲ. ಒಂದೊಂದು ಕುರ್ಚಿಯಲ್ಲೂ ಕೂತು, ಪೆನ್ನು ಹಿಡಿದು ನಾಲ್ಕು ಸಾಲು ಬರೆದು ನೋಡಬೇಕು. ಪರೀಕ್ಷೆ ಬರೆಯುವ ಹುಡುಗಿ, ಗ್ರಂಥಾಲಯದ ಮೂಲೆಯ ಹಿರಿಯರು, ಆಸ್ಪತ್ರೆಯ ಹಾಸಿಗೆಯಲ್ಲಿ ಕದಲಲಾಗದ ರೋಗಿ, ಇವರೆಲ್ಲ ಕೋಣೆಯಲ್ಲಿ ಇರುವವರೇ. ಅವರನ್ನು ನೆನೆದು ಜಾಗ ಗೊತ್ತುಮಾಡಿದರೆ ದೀಪವೂ ಉಳಿಯುತ್ತದೆ, ಕರೆಂಟೂ ಉಳಿಯುತ್ತದೆ.